ಎಲೆ ಮುಚ್ಚಿದ ಬಟ್ಟಲು

ನಮ್ಮ ಊರಿನಲ್ಲಿ ಬೀದಿಯೂಟದ ಸಂಜೆ ಯಾರಿಗೆ ವೈನು ನೀರಿನಂತೆ ರುಚಿಸುತ್ತದೋ ಅವರು ಮುಂದಿನ ಬೀದಿಯೂಟಕ್ಕೆ ಇರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ ಯಾರೂ ಅದನ್ನು ಬಾಯಿಬಿಟ್ಟು ಆಡುವುದಿಲ್ಲ. ಮದುವೆಯ ಮಾತುಕತೆಗಳನ್ನು ಬೀದಿಯೂಟ ಮುಗಿದ ಮೇಲೆಯೇ ಇಟ್ಟುಕೊಳ್ಳುತ್ತೇವೆ. ಗಂಡಿನ ಕಡೆಯವರು ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಹೆಣ್ಣಿನ ಮನೆಗೆ ಬಂದು, ಹುಡುಗಿ ಬರುವ ವರ್ಷಕ್ಕೆಂದು ಕೌದಿ ಹೊಲಿಯುತ್ತಿದ್ದಾಳೋ ಇಲ್ಲವೋ ನೋಡಿಕೊಂಡು ಹೋಗುತ್ತಾರೆ. ಹಬ್ಬದ ಹಿಂದಿನ ವಾರ ದರ್ಜಿ ಯಾರ ಅಳತೆಯನ್ನೂ ತೆಗೆದುಕೊಳ್ಳುವುದಿಲ್ಲ. ನಾನು ಪಾಠ ಮಾಡುವ ಶಾಲೆಯಲ್ಲಿ ಹಬ್ಬದ ಮಾರನೆಯ ದಿನ ಹಾಜರಿ ಕರೆಯುವುದಿಲ್ಲ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನಮಗೆ ಇದು ಮಳೆಗೆ ಮುಂಚೆ ಮಾಡಿನ ಹೆಂಚು ಕೈಯಾಡಿಸಿದ ಹಾಗೆ, ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ.

ಮಳೆ ಹಿಂದೆಗೆದು ಚಳಿ ಇನ್ನೂ ಬೀಳದ ದಿನಗಳಲ್ಲಿ ಒಂದು ಸಂಜೆ ಬೀದಿಯೂಟ. ಹಿಟ್ಟಿನ ಗಿರಣಿಯಿಂದ ಶಾಲೆಯ ತಿರುವಿನ ತನಕ ನಮ್ಮದು ಒಂದೇ ಉದ್ದನೆಯ ಬೀದಿ. ಅವತ್ತು ಮಧ್ಯಾಹ್ನ ಪ್ರತಿ ಮನೆಯವರೂ ಮುಂಬಾಗಿಲನ್ನು ತಿರುಗಣಿಯಿಂದ ಎತ್ತಿ ತಂದು, ಕಲ್ಲುಗಳ ಮೇಲೆ ಅಡ್ಡ ಮಲಗಿಸಿ, ಒಂದಕ್ಕೊಂದು ಜೋಡಿಸುತ್ತಾರೆ. ಇಡೀ ಬೀದಿಗೆ ಒಂದೇ ಮೇಜಾಗುತ್ತದೆ. ಮನೆಗಳೆಲ್ಲ ಬಾಗಿಲಿಲ್ಲದೆ ಬಾಯಿ ತೆರೆದುಕೊಂಡು ನಿಂತಿರುತ್ತವೆ. ಬಿಸಿಲು ಇಳಿಯುವ ಹೊತ್ತಿಗೆ ಆ ಬಾಗಿಲುಗಳ ಮೇಲೆ ಊಟ ಬಂದು ಕೂರುತ್ತದೆ: ಬಾಳೆಲೆಯಲ್ಲಿ ಸುತ್ತಿ ಕೆಂಡದಲ್ಲಿಟ್ಟ ಕೆರೆಮೀನು, ಕೈಮಾ ಉಂಡೆ, ಹಲಸಿನ ಬೀಜದ ಪಲ್ಯ, ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಹುರುಳಿಕಟ್ಟು, ರಾಗಿ ಹಾಲುಬಾಯಿ, ಗಸಗಸೆ ಹೋಳಿಗೆ. ನಮ್ಮ ಮನೆಯಿಂದ ಸುಟ್ಟ ಬದನೆಕಾಯಿಯ ಗೊಜ್ಜು. ಎಷ್ಟೋ ವರ್ಷಗಳಿಂದ ಅದೇ.

ಊಟಕ್ಕೆ ಮುಂಚೆ ವೈನು. ನೇರಳೆ ಹಣ್ಣಿನ ವೈನು, ಹಿಂದಿನ ವರ್ಷ ಹೂತಿಟ್ಟ ಜಾಡಿಯದು, ಒಬ್ಬರಿಗೆ ಒಂದೇ ಬಟ್ಟಲು. ಹದಿನೆಂಟು ತುಂಬಿದವರಿಗೆಲ್ಲ ಕುಂಬಾರರು ಒಂದೊಂದು ಕಪ್ಪು ಮಣ್ಣಿನ ಬಟ್ಟಲು ಮಾಡಿಕೊಡುತ್ತಾರೆ. ಅಡಿಯಲ್ಲಿ ಅವರವರ ಗುರುತು ಇರುತ್ತದೆ. ನನ್ನದಕ್ಕೆ ಎರಡು ಗೆರೆ, ನನ್ನ ಮಗಳು ಕುಮುದಾಳದಕ್ಕೆ ಗುಬ್ಬಿಯ ಹೆಜ್ಜೆ. ಬಟ್ಟಲುಗಳೆಲ್ಲ ವರ್ಷವಿಡೀ ಸಾಕಮ್ಮನ ಕೋಣೆಯಲ್ಲಿರುತ್ತವೆ. ಜಾಡಿ ಕಾಯುವುದೂ ಬಟ್ಟಲು ತುಂಬುವುದೂ ಅವಳ ಮನೆತನದ ಕೆಲಸ. ಪರದೆಯ ಹಿಂದೆ ತುಂಬಿ, ಮುತ್ತುಗದ ಎಲೆ ಮುಚ್ಚಿ, ದಾರ ಕಟ್ಟಿ, ಮನೆಗೊಂದರಂತೆ ತಟ್ಟೆಯಲ್ಲಿಟ್ಟು ಕಳಿಸುತ್ತಾಳೆ. ಶಾಲೆಯ ಗಂಟೆ ಮೂರು ಸಲ ಬಾರಿಸಿದರೆ ಬೀದಿಯ ದೀಪಗಳೆಲ್ಲ ಆರುತ್ತವೆ. ಕತ್ತಲೆಯಲ್ಲಿ ಎಲೆ ಹರಿದು, ಮೂರು ಗುಟುಕಿಗೆ ಕುಡಿದು, ಬಟ್ಟಲನ್ನು ಬೋರಲು ಹಾಕಬೇಕು. ಯಾರ ಮುಖವನ್ನೂ ಯಾರೂ ನೋಡಬಾರದೆಂದು ಹಿರಿಯರು ಮಾಡಿದ ದಯೆ ಇದು. ದೀಪ ಬಂದ ಮೇಲೆ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ, ಆಮೇಲೆ ಊಟ. ನೀರು ಕುಡಿದವರೂ ಚೆನ್ನಾಗಿದೆ ಎನ್ನುತ್ತಾರೆ, ಎರಡನೆಯ ಸಲ ಪಲ್ಯ ಹಾಕಿಸಿಕೊಳ್ಳುತ್ತಾರೆ. ಕೇಳುವುದಿಲ್ಲ, ಹೇಳುವುದಿಲ್ಲ.

ಇದಕ್ಕೆ ಹೊರತಾದವರು ಗಿರಣಿ ರುದ್ರಣ್ಣ ಒಬ್ಬರೇ. ದೀಪ ಬಂದ ಕೂಡಲೇ ಅವರು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, ತಮಗೆ ಈ ಸಲವೂ ನೀರೇ ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತಿದ್ದರು. ಹನ್ನೆರಡು ವರ್ಷದಿಂದ ಅದೇ ಮಾತು. ಅವರ ಅತ್ತಿಗೆ ನಾಲಿಗೆ ಸೇದಿಹೋಗಲಿ ಎಂದು ಬೈಯುವುದೂ, ಅವರು ಆ ಬೈಗುಳವನ್ನೇ ನೆಂಚಿಕೊಂಡು ಹೋಳಿಗೆ ತಿನ್ನುವುದೂ ಹಬ್ಬದ ಭಾಗವೇ ಆಗಿಬಿಟ್ಟಿತ್ತು. ಅವರು ಹಾಗೆ ಅಂದ ಮೇಲೆ ನಮಗೆಲ್ಲ ಉಸಿರು ಬರುತ್ತಿತ್ತು.

ನೀರು ಕುಡಿದವರ ಮುಂದೆ ಎರಡು ದಾರಿ. ಇರಬಹುದು, ಇದ್ದು ಕಾಯಬಹುದು. ಇಲ್ಲವೇ ಹೋಗಬಹುದು. ಬಟ್ಟಲು ಹೇಳುವುದು ಮುಂದಿನ ಊಟಕ್ಕೆ ಇರುವುದಿಲ್ಲ ಎಂದಷ್ಟೇ. ಹೊಳೆ ದಾಟಿ ಹೋದವರೂ ಇಲ್ಲದವರೇ ತಾನೇ. ಆದರೆ ಹೋಗುವುದೆಂದರೆ ನಿಜವಾಗಿ ಹೋಗಬೇಕು. ನೀರು ಕುಡಿದಿದ್ದ ಕಂಬಳಿ ನಿಂಗಣ್ಣ ಮುಂದಿನ ಹಬ್ಬದ ಒಂದು ದಿನಕ್ಕೆಂದು ತಂಗಿಯ ಊರಿಗೆ ಹೋಗಿ, ಮಾರನೆಯ ಬೆಳಿಗ್ಗೆ ನಗುನಗುತ್ತಾ ಮಂಡಕ್ಕಿಯ ಗಂಟು ಹಿಡಿದು ಬಂದವನು ತನ್ನ ಹೊಸ್ತಿಲ ಮೇಲೆಯೇ ಕುಸಿದ. ಮಂಡಕ್ಕಿಯನ್ನು ನಾವೇ ಗುಡಿಸಿದೆವು. ಅಂದಿನಿಂದ ಹೋಗುವವರು ವಿಳಾಸ ಬಿಡುವುದಿಲ್ಲ, ಕಾಗದ ಬರೆಯುವುದಿಲ್ಲ, ಹೇಳಿ ಹೋಗುವುದಿಲ್ಲ, ಮರಳುವ ಯೋಚನೆಯನ್ನೂ ಇಟ್ಟುಕೊಳ್ಳುವುದಿಲ್ಲ. ಉಳಿದವರು ಹುಡುಕುವುದಿಲ್ಲ, ಕೂಗಿ ಕರೆಯುವುದಿಲ್ಲ. ದೂರದ ಸಂತೆಯಲ್ಲಿ ಹಾಗೆ ಹೋದವರ ಮುಖ ಯಾರಿಗಾದರೂ ಕಂಡರೆ, ಬಂದು ಆ ಮನೆಯವರ ಮುಂದೆ ‘ಆ ಕಡೆ ಮಳೆ ಚೆನ್ನಾಗಿದೆಯಂತೆ’ ಎಂದಷ್ಟೇ ಹೇಳುತ್ತಾರೆ. ಆ ಮನೆಯಲ್ಲಿ ಅವತ್ತು ಪಾಯಸ ಮಾಡುತ್ತಾರೆ.

ನನ್ನ ಗಂಡ ಹೋಗಲಿಲ್ಲ. ಹನ್ನೆರಡು ವರ್ಷದ ಹಿಂದಿನ ಊಟದಲ್ಲಿ, ಕತ್ತಲೆಯಲ್ಲಿ, ಪಕ್ಕದಲ್ಲಿ ಅವರು ಬಟ್ಟಲು ಬೋರಲು ಹಾಕಿದ ಸದ್ದು ನನಗೆ ಕೇಳಿಸಿತು. ಎಲ್ಲರೂ ಟಕ್ಕೆಂದು ಹಾಕುತ್ತಾರೆ. ಅವರು ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿದರು. ದೀಪ ಬಂತು. ಚೆನ್ನಾಗಿದೆ ಎಂದರು, ನಾನೂ ಚೆನ್ನಾಗಿದೆ ಎಂದೆ. ಮುಂದಿನ ಎಂಟು ತಿಂಗಳು ಅವರು ಮನೆಯ ಕೆಲಸಗಳನ್ನೆಲ್ಲ ಒಂದೊಂದಾಗಿ ನನಗೆ ಕಲಿಸಿದರು. ಯಾವ ಹೆಂಚು ಸೋರುತ್ತದೆ, ಬಾವಿಯ ರಾಟೆಗೆ ಎಲ್ಲಿ ಎಣ್ಣೆ ಬಿಡಬೇಕು, ಬಾಗಿಲನ್ನು ಒಬ್ಬಳೇ ಎತ್ತುವುದಾದರೆ ಯಾವ ಕಡೆಯಿಂದ ಹಿಡಿಯಬೇಕು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿತ್ತು. ಒಂದು ದಿನವೂ ಆ ಮಾತು ಆಡಲಿಲ್ಲ. ಒಂಬತ್ತನೆಯ ತಿಂಗಳು ಜ್ವರ ಬಂದು ಮೂರು ದಿನಕ್ಕೆ ತೀರಿಕೊಂಡರು. ಕುಮುದಾಳಿಗೆ ಆಗ ಹತ್ತು ವರ್ಷ.

ಅವಳು ಅಪ್ಪನನ್ನು ಕ್ಷಮಿಸಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಒಂದು ಸಂಜೆ ಬದನೆಕಾಯಿ ಸುಡುತ್ತಾ ಕೂತವಳು ಕೆಂಡ ನೋಡುತ್ತಲೇ ಹೇಳಿದಳು: “ಅಪ್ಪ ಹೋಗ್ಬೇಕಿತ್ತಮ್ಮ. ಎಲ್ಲೋ ಇದ್ದಾರೆ ಅಂತ ಇದ್ದಿದ್ರೆ ಸಾಕಿತ್ತು ನಮಗೆ.” ಹತ್ತು ವರ್ಷದ ಮಗಳನ್ನು ಬಿಟ್ಟು ಹೋಗುವುದು ಅವರಿಂದ ಆಗಲಿಲ್ಲ ಎಂದೆ. ಅವಳು ಬದನೆಕಾಯಿ ಮಗುಚಿದಳು. ಆ ಮಾತನ್ನು ನಾನು ಮರೆಯಬಾರದಿತ್ತು.

ಅವಳಿಗೆ ಹದಿನೆಂಟು ತುಂಬುತ್ತಾ ಬಂದ ಹಾಗೆ ನನಗೆ ನಿದ್ದೆ ಹೋಯಿತು. ನಾನು ಎಲ್ಲದಕ್ಕೂ ಹೆದರುವವಳು. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಶಾಲೆಯ ಅರ್ಧ ದಾರಿಯಿಂದ ತಿರುಗಿ ಬಂದು ನೋಡಿದವಳು. ಬೀದಿಯೂಟದಲ್ಲಿ ಯಾರು ಹೇಗೆ ಬಟ್ಟಲಿಟ್ಟರು, ಯಾರು ಅನ್ನ ಕಲಸುತ್ತಲೇ ಇದ್ದಾರೆ, ಯಾರು ಬೇಕೆಂದೇ ನಗುತ್ತಿದ್ದಾರೆ ಎಂದು ಲೆಕ್ಕಹಾಕುತ್ತಲೇ ವರ್ಷಾನುವರ್ಷ ಊಟ ಮುಗಿಸಿದವಳು. ನನ್ನ ಮಗಳ ಬಟ್ಟಲಿನ ಸದ್ದಿಗೆ ಕಿವಿಗೊಟ್ಟು ಕೂರುವ ಶಕ್ತಿ ನನ್ನಲ್ಲಿರಲಿಲ್ಲ. ಆಗ ಒಂದು ಉಪಾಯ ಹೊಳೆಯಿತು. ವೈನಿನ ರುಚಿಯನ್ನೇ ಅರಿಯದವಳಿಗೆ ಬೇರೇನಾದರೂ ಕೊಟ್ಟರೆ ಅದೇ ವೈನಲ್ಲವೇ? ನೇರಳೆ ಹಣ್ಣಿನ ರಸ ಕಾಯಿಸಿ, ಲವಂಗ, ಕಾಳುಮೆಣಸು ಜಜ್ಜಿ ಹಾಕಿ, ಒಗರಿಗೆ ಒಂದಿಷ್ಟು ಅಳಲೆಕಾಯಿ ಪುಡಿ ಸೇರಿಸಿ ಶರಬತ್ತು ಮಾಡಿದೆ. ಒಂದು ಗಾಜಿನ ಸೀಸೆಗೆ ತುಂಬಿದೆ. ಅದು ಎಂದೂ ನೀರಾಗುವುದಿಲ್ಲ. ಹೀಗೆ ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಬರುವುದು ಬಂದೇ ಬಂದರೂ, ಒಂದು ವರ್ಷ ಮೊದಲೇ ಬಂದು ನಮ್ಮ ಮನೆಯಲ್ಲಿ ಕೂರುವುದಿಲ್ಲ.

ಸಾಕಮ್ಮ ಶಾಲೆಯಲ್ಲಿ ನನ್ನ ಜೊತೆ ಒಂದೇ ಹಲಗೆಯ ಮೇಲೆ ಕೂತು ಓದಿದವಳು. ಆದರೂ ನಿಜ ಹೇಳಲು ನಾಚಿಕೆಯಾಯಿತು. ಊರಿಗೆಲ್ಲ ಇರುವ ಭಯವನ್ನು ನಾನೊಬ್ಬಳು ಸೀಸೆಯಲ್ಲಿ ತಪ್ಪಿಸಿಕೊಳ್ಳಲು ಹೊರಟಿದ್ದೆನಲ್ಲ. ಮಾತನ್ನು ಅಳೆದು ತೂಗಿ, ಕುಮುದಾಳ ಹೊಟ್ಟೆಗೆ ವೈನು ಆಗುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ, ಅವಳ ಬಟ್ಟಲಿಗೆ ಇದನ್ನು ಹಾಕು ಎಂದೆ. ಸಾಕಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಆಯ್ತು ಬಿಡು ಎಂದಳು. ಹೆಚ್ಚು ಕೇಳಲಿಲ್ಲ. ಕುಮುದಾಳಿಗೆ ಇದು ಗೊತ್ತಿಲ್ಲ ಎಂದು ನಾನೂ ಹೇಳಲಿಲ್ಲ.

ಮೂರು ವರ್ಷ ಹಾಗೆ ನಡೆಯಿತು. ಮೊದಲ ವರ್ಷ ಕುಮುದಾ ಮನೆಗೆ ಬಂದು, ಎಲ್ಲರೂ ಹೇಳುವಷ್ಟು ಹುಳಿಯಿಲ್ಲ ಎಂದಳು. ಮರುವರ್ಷ ನಾನು ಶರಬತ್ತಿಗೆ ಒಂದು ಚಮಚ ಹುಣಸೆ ಹೆಚ್ಚು ಹಾಕಿದೆ. ನನ್ನ ಎದೆಯ ಬಡಿತ ವರ್ಷವರ್ಷಕ್ಕೆ ಇಳಿಯಿತು. ನಾಲ್ಕನೆಯ ವರ್ಷ, ಹೋದ ವರ್ಷದ ಬೀದಿಯೂಟಕ್ಕೆ, ನಾನು ಹೊಸ ಸೀರೆಯುಟ್ಟು ಹೋದೆ.

ಆ ಸಂಜೆಯಷ್ಟು ಸುಖವಾಗಿ ನಾನು ಎಂದೂ ಕೂತಿರಲಿಲ್ಲ. ಗಾಳಿಯಲ್ಲಿ ಮೀನಿನ ಎಲೆ ಸುಟ್ಟ ವಾಸನೆ, ಅದರ ಹಿಂದೆಯೇ ಹುರುಳಿಕಟ್ಟಿನ ಒಗ್ಗರಣೆ. ಕುಮುದಾ ಊರಿನ ಅಂಗಡಿಗಳಿಗೆ ಹೆಸರಿನ ಫಲಕ ಬರೆಯುವ ಕೆಲಸ ಮಾಡುತ್ತಿದ್ದಳು. ಬೀದಿಯೂಟದ ತಿಂಡಿಗಳ ಹೆಸರನ್ನೂ ಅವಳೇ ಸ್ಲೇಟುಗಳ ಮೇಲೆ ಬರೆದು ಪಾತ್ರೆಗಳ ಮುಂದೆ ನಿಲ್ಲಿಸುತ್ತಿದ್ದಳು. ಕೈಮಾ ಉಂಡೆಯ ಸ್ಲೇಟಿನ ಮೇಲೆ ‘ಒಬ್ಬರಿಗೆ ನಾಲ್ಕೇ, ರುದ್ರಣ್ಣನವರಿಗೂ’ ಎಂದು ಬರೆದಿದ್ದಳು. ಗಂಟೆ ಬಾರಿಸಿತು. ಕತ್ತಲೆಯಾಯಿತು. ಎಲೆ ಹರಿಯುವ ಸದ್ದು ಬೀದಿಯುದ್ದಕ್ಕೂ ಸಣ್ಣ ಮಳೆಯಂತೆ ಹೋಯಿತು. ಪಕ್ಕದಲ್ಲಿ ಮಗಳು ಕುಡಿಯುತ್ತಿದ್ದಳು. ನಾನು ಕಿವಿಗೊಡಲಿಲ್ಲ. ಅವಳ ಬಟ್ಟಲಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತಲ್ಲ. ಜೀವನದಲ್ಲಿ ಮೊದಲ ಬಾರಿಗೆ ನನ್ನ ವೈನನ್ನು ನಾನು ರುಚಿ ನೋಡಿ ಕುಡಿದೆ. ಮೊದಲು ಹುಳಿ, ಆಮೇಲೆ ನಾಲಿಗೆಯ ಬದಿಗೆ ಹಿಡಿಯುವ ಒಗರು, ಗಂಟಲಿಗೆ ಇಳಿದ ಮೇಲೆ ಇಡೀ ದಿನ ಬಿಸಿಲು ಕುಡಿದ ಕಲ್ಲಿನ ಮೇಲೆ ಕೈಯಿಟ್ಟಂಥ ಒಂದು ಬಿಸುಪು. ಇಷ್ಟು ವರ್ಷ ಇದನ್ನು ಔಷಧಿಯ ಹಾಗೆ ನುಂಗಿದ್ದೆನಲ್ಲ ಎನಿಸಿತು.

ದೀಪ ಬಂತು. ಚೆನ್ನಾಗಿದೆ, ಚೆನ್ನಾಗಿದೆ ಎಂದು ಬೀದಿಯೆಲ್ಲ ಅಂದಿತು. ಕುಮುದಾಳೂ ಅಂದಳು. ರುದ್ರಣ್ಣ ಗಂಟಲು ಸರಿಮಾಡಿಕೊಂಡರು.

“ನಂಗೆ ಈ ಸಲಾನೂ ನೀರೇ ಕಣ್ರಪ್ಪ. ಸಾಕಮ್ಮ ನನ್ನ ಬಟ್ಲಿಗೆ ಬಾವೀನೇ ಬಗ್ಗಿಸವ್ಳೆ.”

ಅತ್ತಿಗೆ ಬೈದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕುಮುದಾ. ಮೇಜಿನ ಮೇಲೆ ಅವರ ಕಡೆ ಬಗ್ಗಿ, “ಹನ್ನೆರಡು ವರ್ಷದಿಂದ ಕುಡೀತಿದೀರಲ್ಲ ರುದ್ರಣ್ಣ, ಹೇಗಿರುತ್ತೆ ಹೇಳಿ ನೋಡೋಣ” ಎಂದಳು.

“ತಣ್ಣಗಿರುತ್ತೆ ಮಗಾ. ಇನ್ನೇನಿರುತ್ತೆ ನೀರಲ್ಲಿ.”

“ಹೌದು” ಎಂದಳು ಅವಳು. “ತಣ್ಣಗೆ.”

ನಾನೂ ನಕ್ಕೆ. ಮಗಳ ಚುರುಕುತನಕ್ಕೆ ಹೆಮ್ಮೆಯಿಂದ ನಕ್ಕೆ. ಅವಳು ಎದ್ದು ಎಲ್ಲರಿಗೂ ಬಡಿಸಿದಳು, ಮಕ್ಕಳ ಮೀನಿನ ಮುಳ್ಳು ಬಿಡಿಸಿಕೊಟ್ಟಳು. ಎಂದೂ ಮುಟ್ಟದ ನನ್ನ ಬದನೆಕಾಯಿ ಗೊಜ್ಜನ್ನು ಎರಡು ಸಲ ಹಾಕಿಸಿಕೊಂಡು, ಬಟ್ಟಲು ಒರೆಸುವ ಹಾಗೆ ರೊಟ್ಟಿಯಿಂದ ಒರೆಸಿ ತಿಂದಳು. ಬೇರೆ ಯಾರಾದರೂ ಹಾಗೆ ತಿಂದಿದ್ದರೆ ನನಗೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಊರಿನವರನ್ನೆಲ್ಲ ಕಣ್ಣಿನಲ್ಲೇ ಜರಡಿ ಹಿಡಿಯುತ್ತಿದ್ದವಳು, ಅವತ್ತು ಮಗಳಿಗೆ ನನ್ನ ಅಡುಗೆಯ ರುಚಿ ಕೊನೆಗೂ ಹತ್ತಿತು ಎಂದುಕೊಂಡೆ.

ಸಾಕಮ್ಮ ಎರಡು ಸಲ ನಾವು ಕೂತ ಕಡೆ ಬಂದಳು. ಮೊದಲ ಸಲ ಯಾರೋ ಅವಳ ಕೈಗೆ ಹೋಳಿಗೆ ತುರುಕಿ ಎಳೆದುಕೊಂಡು ಹೋದರು. ಎರಡನೆಯ ಸಲ ನನ್ನ ಭುಜ ಮುಟ್ಟಿ, ಒಂದು ಮಾತಿದೆ ಎಂದಳು. ನನ್ನ ಬಾಯಲ್ಲಿ ಕೈಮಾ ಉಂಡೆಯಿತ್ತು. ಕೂತು ಉಣ್ಣು ಮೊದಲು, ಮಾತು ಎಲ್ಲಿಗೆ ಓಡಿಹೋಗುತ್ತದೆ ಎಂದು ಸನ್ನೆ ಮಾಡಿ ಅವಳ ಎಲೆಗೆ ಗೊಜ್ಜು ಹಾಕಿದೆ. ಅವಳು ಕುಮುದಾಳ ಕಡೆ ನೋಡಿದಳು, ಕುಮುದಾ ನಗುತ್ತಿದ್ದಳು. ನಾಳೆ ಹೇಳ್ತೀನಿ ಬಿಡು ಎಂದು ಸಾಕಮ್ಮ ಹೋದಳು.

ಊಟ ಮುಗಿಸಿ ಬಾಗಿಲನ್ನು ಮನೆಗೆ ಹೊತ್ತು ತಂದೆವು. ನಾನು ಕೆಳಗಿನಿಂದ ಎತ್ತಿದೆ, ಅವಳು ಮೇಲಿನ ತಿರುಗಣಿಗೆ ಕೂರಿಸಿದಳು. ಒಮ್ಮೆ ತೆರೆದು, ಒಮ್ಮೆ ಮುಚ್ಚಿ ನೋಡಿದಳು. “ಮೇಲಿನದಕ್ಕೆ ಎಣ್ಣೆ ಹಾಕಿದೀನಮ್ಮ. ಬಿಗಿಯಾಗಿಲ್ಲ ಈಗ. ಒಬ್ಬರೇ ಎತ್ತಬಹುದು” ಎಂದಳು. ಹೊಟ್ಟೆ ತುಂಬಿತ್ತು, ಕಣ್ಣು ಎಳೆಯುತ್ತಿತ್ತು. ಒಳ್ಳೆಯದಾಯಿತು ಎಂದು ಹೇಳಿ ಮಲಗಿಬಿಟ್ಟೆ. ಹನ್ನೊಂದು ವರ್ಷದಲ್ಲಿ ಅಷ್ಟು ಗಾಢವಾಗಿ ನಿದ್ದೆ ಬಂದಿದ್ದು ಅವತ್ತೇ.

ಬೆಳಿಗ್ಗೆ ಅವಳ ಹಾಸಿಗೆ ಮಡಿಸಿತ್ತು. ಬಾಗಿಲ ಹಿಂದಿನ ಮೊಳೆಗೆ ಅವಳ ಕೀಲಿ ತೂಗುತ್ತಿತ್ತು. ಹಜಾರದ ಗೋಡೆಗೆ ಸಾಲಾಗಿ ತಗಡಿನ ಫಲಕಗಳು ಒರಗಿದ್ದವು. ಸೀಮೆಸುಣ್ಣದಲ್ಲಿ ಅಲ್ಲ, ಅಳಿಸಿಹೋಗದ ಬಣ್ಣದಲ್ಲಿ ಬೀದಿಯೂಟದ ತಿಂಡಿಗಳ ಹೆಸರೆಲ್ಲ ಬರೆದಿದ್ದಳು. ಕೆರೆಮೀನು. ಹಾಲುಬಾಯಿ. ಹುರುಳಿಕಟ್ಟು. ಕೊನೆಯದರ ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು: ಅಮ್ಮನ ಗೊಜ್ಜು.

ನನಗೆ ಅರ್ಥವೇ ಆಗಲಿಲ್ಲ. ಅರ್ಥವಾಗುವ ದಾರಿಯೂ ಇರಲಿಲ್ಲ. ಶರಬತ್ತು ನೀರಾಗುವುದು ಹೇಗೆ? ಮೊಳೆಯ ಮೇಲಿನ ಕೀಲಿ ನೋಡುತ್ತಾ ಹಜಾರದಲ್ಲಿ ನಿಂತೇ ಇದ್ದೆ. ಸಾಕಮ್ಮ ಹೇಳಬೇಕೆಂದಿದ್ದ ಮಾತು ನೆನಪಾಯಿತು. ಬರಿಗಾಲಲ್ಲಿ ಅವಳ ಕೋಣೆಗೆ ಓಡಿದೆ. ಅವಳು ಬಟ್ಟಲುಗಳನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದಳು. ನನ್ನನ್ನು ಕಂಡು ತಾನೇ ಮೊದಲು ಶುರುಮಾಡಿದಳು.

“ನಿನ್ನ ಸೀಸೆ ಒಡೆದುಹೋಯ್ತು ಕಣೇ ಸುಗುಣಾ. ಪರದೆ ಎಳೀವಾಗ ಕೈ ತಾಗಿ ಬಿತ್ತು. ಬೈಬೇಡ.”

“ಅವಳ ಬಟ್ಟಲಿಗೆ ಏನು ಹಾಕ್ದೆ?”

“ವೈನು ಹಾಕೋ ಹಾಗಿಲ್ವಲ್ಲ, ಹೊಟ್ಟೆಗಾಗಲ್ಲ ಅಂತ ನೀನೇ ಅಂದಿದ್ದೆ. ಇನ್ನೇನು ಹಾಕ್ಲಿ, ಕೊಡದ ನೀರು ಹಾಕ್ದೆ.” ನನ್ನ ಮುಖ ನೋಡಿ ಅವಳ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. “ಯಾಕೇ? ತನ್ನ ಬಟ್ಲಲ್ಲಿರೋದು ವೈನಲ್ಲ ಅಂತ ಅವಳಿಗೆ ಗೊತ್ತು ತಾನೇ?”

ನಾನು ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಸಾಕಮ್ಮ ಒದ್ದೆ ನೆಲದ ಮೇಲೆ ಕೂತುಬಿಟ್ಟಿದ್ದು ನೆನಪಿದೆ. ಅವಳದು ತಪ್ಪೆನ್ನಲು ಬಾಯಿ ಬರಲಿಲ್ಲ. ಈ ಊರಿನಲ್ಲಿ ಹುಟ್ಟಿದ ಯಾರೂ ಏನೂ ತಿಳಿಯದ ಒಬ್ಬರ ಬಟ್ಟಲಿಗೆ ನೀರು ಹಾಕುವುದಿಲ್ಲ. ಕುಮುದಾಳಿಗೆ ತಿಳಿದಿದೆ ಎಂದುಕೊಂಡೇ ಹಾಕಿದ್ದಳು. ಒಂದೇ ಒಂದು ವಾಕ್ಯ ನಾನು ಹೆಚ್ಚು ಹೇಳಿದ್ದರೆ ಸಾಕಿತ್ತು. ಮಕ್ಕಳ ಪ್ರಬಂಧಗಳಲ್ಲಿ ಮಾತು ಅತಿಯಾಯಿತೆಂದು ಗೀಟು ಹಾಕುತ್ತಾ ಬಂದವಳು, ನನ್ನ ಮಾತಿನಲ್ಲಿ ಬೇಕಾದ ವಾಕ್ಯವನ್ನೇ ಹೊಡೆದುಹಾಕಿದ್ದೆ.

ಹೊಳೆಯ ದಡಕ್ಕೆ ಹೋದೆ. ನಮ್ಮ ಊರಿನವರು ಹಬ್ಬದ ಮಾರನೆಯ ದಿನ ಹೊಳೆಯ ಕಡೆ ಮುಖ ಮಾಡುವುದಿಲ್ಲ. ದಾರಿಯಲ್ಲಿ ನನ್ನನ್ನು ಕಂಡವರು ತಲೆ ತಗ್ಗಿಸಿ ಒಳಗೆ ಹೋದರು. ದೋಣಿಯ ತಿಮ್ಮಪ್ಪ ಹರಿಗೋಲು ಮಗುಚಿ ಹಾಕಿ ಅದರ ತಳಕ್ಕೆ ರಾಳ ಬಳಿಯುತ್ತಿದ್ದ. ಬೆಳಗಿನ ಜಾವ ಯಾರು ದಾಟಿದರೆಂದು ಕೇಳಿದೆ. ಅವನು ಬಳಿಯುತ್ತಲೇ ಇದ್ದ. ಅವಳು ಕುಡಿದದ್ದು ಬರೀ ಕೊಡದ ನೀರು, ಸುಳ್ಳೇ ಹೋಗಿದ್ದಾಳೆ, ಯಾವ ಕಡೆ ಎಂದು ಹೇಳಿದರೆ ಸಾಕು ಎಂದು ಅವನ ಕೈ ಹಿಡಿದೆ.

“ಟೀಚರಮ್ಮ, ಹೋದೋರ್ನ ಕರೀಬಾರ್ದು. ನಿಂಗಣ್ಣನ್ನ ಮರ್ತ್ರಾ?”

“ಅವನದು ನಿಜವಾದ ಬಟ್ಟಲು ತಿಮ್ಮಪ್ಪ. ಇವಳದು ಅಲ್ಲ.”

ಮೂರು ವರ್ಷ ಶರಬತ್ತು ಕೊಟ್ಟದ್ದನ್ನು, ಈ ಸಲ ಸೀಸೆ ಒಡೆದದ್ದನ್ನು ಹೇಳಿದೆ. ಅವನು ಕುಂಚ ಕೆಳಗಿಟ್ಟ. ಒರಟು ಮನುಷ್ಯನಲ್ಲ, ನನ್ನ ಗಂಡನನ್ನು ಹೊತ್ತವರಲ್ಲಿ ಒಬ್ಬ. “ಸೀಸೆ ಈ ವರ್ಷಾನೇ ಯಾಕೆ ಒಡೀತು?” ಎಂದು ಮೆಲ್ಲಗೆ ಕೇಳಿದ. “ಮೂರು ವರ್ಷ ಒಡೀದೇ ಇದ್ದದ್ದು?”

ಆ ಪ್ರಶ್ನೆಯನ್ನು ನಾನು ಈಗಲೂ ಕೇಳಿಕೊಳ್ಳುತ್ತೇನೆ. ಅವನು ಹರಿಗೋಲು ಇಳಿಸಿ ನನ್ನನ್ನು ದಾಟಿಸಿದ. ಅದು ಅವನು ಮಾಡಬಹುದಾದ ದೊಡ್ಡ ಉಪಕಾರ. ಆಚೆ ದಡದಲ್ಲಿ ಮೂರು ದಾರಿಗಳು ಕವಲೊಡೆಯುತ್ತವೆ. ಒಂದೊಂದರಲ್ಲೂ ಒಂದೊಂದು ವಾರ ನಡೆದೆ. ಬಸ್ಸು ನಿಲ್ಲುವಲ್ಲಿ, ಸಂತೆಗಳಲ್ಲಿ, ಹೆಸರಿನ ಫಲಕ ಬರೆಯುವವರ ಅಂಗಡಿಗಳಲ್ಲಿ ಅವಳ ಗುರುತು ಹೇಳಿದೆ. ಒಂದು ಪೇಟೆಯಲ್ಲಿ ‘ಎಣ್ಣೆ ಅಂಗಡಿ’ ಎಂಬ ಹೊಸ ಫಲಕದ ಮುಂದೆ ನಿಂತುಬಿಟ್ಟೆ. ಣಕಾರದ ಕೊನೆಯನ್ನು ಮೇಲಕ್ಕೆ ಎಳೆಯುವ ರೀತಿ ಅವಳದೇ. ಬರೆದವರು ಯಾರೆಂದು ಕೇಳಿದರೆ, ಯಾರೋ ಹುಡುಗಿ, ಎರಡು ದಿನ ಇದ್ದಳು, ಯಾರಾದರೂ ಹುಡುಕಿಕೊಂಡು ಬಂದರೆ ನೋಡಿಲ್ಲವೆಂದು ಹೇಳಿ ಎಂದಳು ಎಂದು ಅಂಗಡಿಯವನು ಹೇಳಿದ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ನಾಚಿದ. ಅಲ್ಲಿಂದ ಮುಂದೆ ಅವಳ ಸುಳಿವು ಇಲ್ಲ. ನಾನು ಹುಡುಕಿದಷ್ಟೂ ಅವಳು ಇನ್ನೂ ದೂರ ಹೋಗುತ್ತಾಳೆ ಎನ್ನುವುದು ಆ ಅಂಗಡಿಯ ಮುಂದೆ ನನಗೆ ಹೊಳೆಯಿತು. ಅವಳು ಓಡುತ್ತಿದ್ದದ್ದು ಸಾವಿನಿಂದ. ಅವಳ ಲೆಕ್ಕದಲ್ಲಿ ನನ್ನ ದನಿ ಅದರದೇ ದನಿ. ಅವಳು ಹೋದದ್ದು ತನಗಾಗಿ ಮಾತ್ರವೂ ಅಲ್ಲ. ಎಲ್ಲೋ ಇದ್ದಾಳೆ ಎಂದು ನಾನು ಅಂದುಕೊಳ್ಳಲಿ ಎಂದು, ಅಪ್ಪ ಕೊಡದೆ ಹೋದದ್ದನ್ನು ನನಗೆ ಕೊಡಲು ಹೋಗಿದ್ದಳು.

ಊರಿಗೆ ಮರಳಿದೆ. ಯಾರೂ ಏನೂ ಕೇಳಲಿಲ್ಲ. ಬಾಗಿಲ ಮುಂದೆ ಮುಚ್ಚಿದ ಪಾತ್ರೆಗಳಲ್ಲಿ ಸಾರು, ಅನ್ನ ಇಟ್ಟು ಹೋಗುತ್ತಿದ್ದರು. ಸಾಕಮ್ಮನಿಗೂ ನನಗೂ ಸತ್ಯ ಗೊತ್ತು, ತಿಮ್ಮಪ್ಪನಿಗೆ ಅರ್ಧ ಗೊತ್ತು. ಉಳಿದವರಿಗೆ ಎಲ್ಲ ಕ್ರಮವಾಗಿಯೇ ನಡೆದಿತ್ತು: ಹುಡುಗಿಗೆ ನೀರಾಯಿತು, ಅಳದೆ, ಯಾರಿಗೂ ಹೇಳದೆ, ಕೀಲಿ ಮೊಳೆಗೆ ಹಾಕಿ ಹೋದಳು. ಗಟ್ಟಿ ಹುಡುಗಿ ಎಂದು ನನ್ನ ಬೆನ್ನ ಹಿಂದೆ ಹೊಗಳಿದರು. ಸಾಕಮ್ಮ ಮೊದಮೊದಲು ದಿನವೂ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದಳು. ಒಂದು ದಿನ, ಎಲ್ಲೋ ಬದುಕಿರುತ್ತಾಳೆ ಬಿಡು, ಅಷ್ಟಾದರೂ ಇದೆಯಲ್ಲ ಎಂದಳು. ಅವಳು ಇಲ್ಲಿಯೂ ಬದುಕಿರುತ್ತಿದ್ದಳು ಸಾಕಮ್ಮ ಎಂದೆ. ಆಮೇಲೆ ಅವಳು ಬರುವುದು ಕಡಿಮೆಯಾಯಿತು. ವರ್ಷವಿಡೀ ಯಾರೂ 'ಆ ಕಡೆ ಮಳೆ ಚೆನ್ನಾಗಿದೆಯಂತೆ' ಎಂದು ನನ್ನ ಹೊಸ್ತಿಲಿಗೆ ಬರಲಿಲ್ಲ. ಸಂತೆಯಿಂದ ಯಾರು ಮರಳಿದರೂ ನಾನು ಬಾಗಿಲು ತೆಗೆದು ನಿಲ್ಲುತ್ತಿದ್ದೆ. ಅವರು ಬದನೆಕಾಯಿಯ ಧಾರಣೆ ಹೇಳಿ ಮುಂದೆ ಹೋಗುತ್ತಿದ್ದರು.

ನಿನ್ನೆ ಮತ್ತೆ ಬೀದಿಯೂಟ. ಬಾಗಿಲನ್ನು ನಾನೊಬ್ಬಳೇ ಎತ್ತಿದೆ. ಕುಮುದಾ ಹೇಳಿದ್ದು ನಿಜ, ಮೇಲಿನ ತಿರುಗಣಿ ಸಲೀಸಾಗಿ ಬಿಟ್ಟುಕೊಟ್ಟಿತು. ತಗಡಿನ ಫಲಕಗಳನ್ನು ಹೊತ್ತುಕೊಂಡು ಹೋಗಿ ಪಾತ್ರೆಗಳ ಮುಂದೆ ಇಟ್ಟೆ. ಜನ ಅವನ್ನು ಓದಿ, ಅಕ್ಷರ ಎಷ್ಟು ದುಂಡಗಿದೆ ಎಂದರು. ಹೆಸರು ಹೇಳಲಿಲ್ಲ. ಹಿಂದಿನ ದಿನ ನಾನು ಸಾಕಮ್ಮನ ಕೋಣೆಗೆ ಹೋಗಿ, ನನ್ನ ಬಟ್ಟಲಿಗೆ ನೀರು ಹಾಕೆಂದು ಕೇಳಿದ್ದೆ. ಅವಳು ಆಗುವುದಿಲ್ಲವೆಂದು ತಲೆಯಾಡಿಸಿದಳು. ಇನ್ನು ಮೇಲೆ ಯಾರ ಬಟ್ಟಲಿಗೂ ಜಾಡಿಯದನ್ನು ಬಿಟ್ಟು ಬೇರೇನನ್ನೂ ಹಾಕುವುದಿಲ್ಲವೆಂದು ಆಣೆ ಮಾಡಿದ್ದಾಳಂತೆ. ಅವಳ ಹಿಂದೆ, ಗೂಡಿನಲ್ಲಿ, ಗುಬ್ಬಿ ಹೆಜ್ಜೆಯ ಬಟ್ಟಲು ಬೋರಲಾಗಿ ಕೂತಿತ್ತು.

ಗಂಟೆ ಬಾರಿಸಿತು, ದೀಪ ಆರಿತು. ಎಲೆ ಹರಿದೆ. ಬಟ್ಟಲು ತುಟಿಗೆ ಹೋಗುವ ತನಕವೂ ಬೇಡಿಕೊಂಡೆ. ನೀರಾಗಲಿ. ಮುಂದಿನ ವರ್ಷ ಈ ಬೀದಿಯಲ್ಲಿ ಈ ಬಾಗಿಲ ಮೇಲೆ ಗೊಜ್ಜು ತಂದಿಡುವ ಕೆಲಸ ನನಗೆ ತಪ್ಪಲಿ. ಮೊದಲು ಹುಳಿ ಬಂತು. ಆಮೇಲೆ ಒಗರು. ಆಮೇಲೆ, ಹೋದ ವರ್ಷಕ್ಕಿಂತಲೂ ಹದವಾಗಿ, ಬಿಸಿಲಿನ ಕಲ್ಲಿನ ಆ ಬಿಸುಪು. ಎರಡನೆಯ ಗುಟುಕೂ ಹಾಗೆಯೇ. ಮೂರನೆಯದೂ.

ಪಕ್ಕದಲ್ಲಿ, ಕುಮುದಾ ಕೂರುತ್ತಿದ್ದ ಜಾಗದಲ್ಲಿ, ಈ ಸಲ ರುದ್ರಣ್ಣನವರನ್ನು ಕೂರಿಸಿದ್ದರು. ಅವರು ಬಟ್ಟಲು ಬೋರಲು ಹಾಕಿದ ಸದ್ದು ನನಗೆ ಕೇಳಿಸಿತು. ತೊಟ್ಟಿಲಿಗೆ ಮಗು ಇಳಿಸಿದ ಹಾಗಿತ್ತು.

ದೀಪ ಬಂತು. ಬೀದಿಯೆಲ್ಲ ಚೆನ್ನಾಗಿದೆ ಎನ್ನುತ್ತಾ ಅವರ ಕಡೆ ತಿರುಗಿ, ಬಯ್ಯಲು, ನಗಲು ಸಿದ್ಧವಾಗಿ ಕಾಯಿತು. ರುದ್ರಣ್ಣ ಗಂಟಲು ಸರಿಮಾಡಿಕೊಂಡರು. “ಚೆನ್ನಾಗೈತೆ” ಎಂದರು.

ಅವರ ಅತ್ತಿಗೆಯ ಕೈಯಲ್ಲಿದ್ದ ಸೌಟು ಹೋಳಿಗೆಯ ತುಪ್ಪದೊಳಗೆ ಹಾಗೆಯೇ ನಿಂತಿತು. ಆಮೇಲೆ ಯಾರೋ ರೊಟ್ಟಿ ಕೇಳಿದರು, ಯಾರೋ ಮೀನಿನ ಎಲೆ ಬಿಚ್ಚಿದರು, ಬೀದಿ ಮತ್ತೆ ಸದ್ದು ಮಾಡಿತು. ನಾನು ಅವರ ತಟ್ಟೆಗೆ ಗೊಜ್ಜು ಹಾಕಿದೆ. ಅವರು ನನ್ನ ಕೈಯನ್ನು ನೋಡಿದರು, ಆಮೇಲೆ ಮುಖವನ್ನು. ನಾನು ಏನು ಬೇಡಿಕೊಂಡಿದ್ದೆನೆಂದು ಅವರಿಗೆ ತಿಳಿದಂತಿತ್ತು. ನಾನು ಅಷ್ಟು ವರ್ಷ ಅವರನ್ನು ನೋಡಿದ ಹಾಗೆ ಅವರೂ ನನ್ನನ್ನು ನೋಡಿರಬೇಕು.

“ತಪ್ಪು ಮನೆಗೆ ಬಂತು ಕಣಮ್ಮ” ಎಂದರು, ನನಗೊಬ್ಬಳಿಗೇ ಕೇಳುವಷ್ಟು. ಆಮೇಲೆ ಸ್ವಲ್ಪ ಗಟ್ಟಿಯಾಗಿ, ಎಲ್ಲರ ಮುಂದೆ ಕೇಳಬೇಕಾದದ್ದನ್ನು ಕೇಳುವವರ ಹಾಗೆ: “ನೀವು ಇನ್ನೂ ಹೇಳ್ಲಿಲ್ವಲ್ಲ ಟೀಚರಮ್ಮ. ಹೆಂಗಿತ್ತು?”

ಬೀದಿ ಕಾಯುತ್ತಿತ್ತು. ನಾಲಿಗೆಯ ಬದಿಯಲ್ಲಿ ಒಗರು ಇನ್ನೂ ಹಿಡಿದುಕೊಂಡಿತ್ತು.

“ಚೆನ್ನಾಗಿದೆ” ಎಂದೆ.